ವೇಷ ಹಾಕಿದ ಊರಿನಲ್ಲಿ ಒಂದು ಅಡಕತ್ತರಿ

ಅಮೆರಿಕದ ಸಿಯಾಟಲ್ ಸುತ್ತಮುತ್ತ ಇರುವ ಕನ್ನಡದವರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ ಕಾರ್ಯಕ್ರಮ ಹೆಚ್ಚುಕಡಿಮೆ ಒಂದೇ. ಮೊದಲ ವಾರ ನಿದ್ದೆ. ಎರಡನೇ ವಾರ ಸ್ನೋಕ್ವಾಲ್ಮಿ ಜಲಪಾತ, ‘ಜೋಗದ ಮುಂದೆ ಇದೇನು ಮಹಾ’ ಅನ್ನುವ ಮಾತಿನ ಸಮೇತ. ಮೂರನೇ ವಾರ ಲೆವೆನ್‌ವರ್ತ್ ಎಂಬ ಬೆಟ್ಟದ ನಡುವಿನ ಪುಟ್ಟ ಊರು. ಕಳೆದ ಸೆಪ್ಟೆಂಬರ್ ಕೊನೆಯಲ್ಲಿ ನಾವೂ ಹೊರಟೆವು. ಬೆಳಿಗ್ಗೆ ಏಳಕ್ಕೆ, ಡಿಕ್ಕಿಯಲ್ಲಿ ಪುಳಿಯೋಗರೆ ಇಟ್ಟುಕೊಂಡು.

ಸಿಯಾಟಲ್‌ನಿಂದ ಸುಮಾರು 190 ಕಿಲೋಮೀಟರ್. ಎರಡೂವರೆ ಗಂಟೆ ಸಾಕು. ದಾರಿಯಲ್ಲಿ ಸ್ಟೀವನ್ಸ್ ಪಾಸ್ ದಾಟಬೇಕು, ಅದರ ಎತ್ತರ 4,061 ಅಡಿ. ಇದು ನಮ್ಮ ಘಟ್ಟದ ಲೆಕ್ಕವೇ. ಪಡುವಣ ಬದಿಯಲ್ಲಿ ಮಳೆ, ಪಾಚಿ, ಕತ್ತಲು ಕಾಡು. ದಾಟಿ ಇಳಿದರೆ ಬಿಸಿಲು, ಒಣ ಹುಲ್ಲು, ಹಣ್ಣಿನ ತೋಟ. ಆಗುಂಬೆ ಬಿಟ್ಟು ಚಿತ್ರದುರ್ಗದ ಕಡೆ ಹೋದ ಹಾಗೆ, ಆದರೆ ಅರ್ಧ ಗಂಟೆಯಲ್ಲಿ. ತಮಾಷೆ ಅಂದರೆ ಲೆವೆನ್‌ವರ್ತ್ ಇರುವುದು ಬರೀ 360 ಮೀಟರ್ ಎತ್ತರದಲ್ಲಿ. ನಮ್ಮ ಸಾಗರ ಪೇಟೆಯೇ ಇದಕ್ಕಿಂತ ಮೇಲಿದೆ. ಬೆಟ್ಟಗಳು ಮೂರೂ ಕಡೆಯಿಂದ ಊರನ್ನು ಒತ್ತಿಕೊಂಡು ನಿಂತಿರುವುದರಿಂದ ಅದು ಗೊತ್ತೇ ಆಗುವುದಿಲ್ಲ.

ಫ್ರಂಟ್ ಸ್ಟ್ರೀಟಿಗೆ ಕಾಲಿಟ್ಟ ತಕ್ಷಣ ಅಪ್ಪ ಕೇಳಿದರು: “ಇವರೆಲ್ಲ ಜರ್ಮನಿಯವರಾ?”

ಅಲ್ಲ. ಮರದ ಬಾಲ್ಕನಿ, ಅದರ ತುಂಬ ಕೆಂಪು ಹೂವಿನ ಕುಂಡ, ಗೋಡೆ ಮೇಲೆ ಚಿತ್ರ, ಬಳುಕುವ ಅಕ್ಷರದ ಬೋರ್ಡು, ಎಲ್ಲ ಜರ್ಮನಿಯ ಬವೇರಿಯಾ ಸೀಮೆಯದು. ಜನ ಮಾತ್ರ ಇಲ್ಲಿಯವರೇ. ಒಂದು ಕಾಲದಲ್ಲಿ ಇದು ರೈಲು ಮತ್ತು ಮರದ ಮಿಲ್ಲಿನ ಊರು. 1920ರ ದಶಕದಲ್ಲಿ ರೈಲ್ವೆಯವರು ತಮ್ಮ ವಿಭಾಗದ ಕಚೇರಿಯನ್ನು ಪಕ್ಕದ ವೆನಾಚಿಗೆ ಎತ್ತಿಕೊಂಡು ಹೋದರು. ಮಿಲ್ಲೂ ಮುಚ್ಚಿತು. ಮುಂದಿನ ಮೂವತ್ತು ಚಿಲ್ಲರೆ ವರ್ಷ ಊರು ಸುಮ್ನೆ ಸೊರಗಿತು. 1962ರಲ್ಲಿ ಊರವರು ಸೇರಿ ಏನಾದರೂ ಮಾಡಬೇಕು ಅಂತ ಕೂತರು. ಹೆದ್ದಾರಿಯ ಪಕ್ಕ ಹೋಟೆಲ್ ನಡೆಸುತ್ತಿದ್ದ ಟೆಡ್ ಪ್ರೈಸ್ ಮತ್ತು ಬಾಬ್ ರಾಜರ್ಸ್ ಎಂಬ ಇಬ್ಬರು ಕ್ಯಾಲಿಫೋರ್ನಿಯಾದ ಸೋಲ್ವಾಂಗ್ ಎಂಬ ಡೇನಿಷ್ ಮಾದರಿಯ ಊರನ್ನು ನೋಡಿಬಂದಿದ್ದರು. ನಾವೂ ಯಾಕೆ ಹಾಗೆ ಮಾಡಬಾರದು ಅಂದರು. ಅಂಗಡಿಯವರು ಒಬ್ಬೊಬ್ಬರಾಗಿ ಕಟ್ಟಡದ ಮುಖ ಬದಲಾಯಿಸಿದರು. ಈಗ ಮೆಕ್‌ಡೊನಾಲ್ಡ್ಸ್ ಕೂಡ ಇಲ್ಲಿ ಬವೇರಿಯಾದ ಬೋರ್ಡನ್ನೇ ಹಾಕಬೇಕು.

“ಅಂದ್ರೆ ಇಡೀ ಊರೇ ವೇಷ ಹಾಕಿದೆ” ಅಂದರು ಅಪ್ಪ. ಹೌದು. ಆದರೆ ಅರವತ್ತು ವರ್ಷದಿಂದ ಬಣ್ಣ ತೊಳೆದಿಲ್ಲ, ಅಲ್ವಾ?

ಇನ್ನು ಊಟದ ವಿಷಯ. ಇದು ಸಾಸೇಜಿನ ಊರು. ಮಾಂಸ ತಿನ್ನುವವರು ಮ್ಯೂನ್ಶೆನ್ ಹೌಸ್‌ಗೆ ಹೋಗಿ. ಬಯಲಲ್ಲೇ ಬೆಂಚು, ಚಳಿಗೆ ಬೆಂಕಿ, ಬಗೆಬಗೆಯ ಸಾಸಿವೆ ಚಟ್ನಿ. ಸಾಸಿವೆ ಅಂದರೆ ನಮ್ಮ ಸಾಸ್ಮೆಯಲ್ಲ, ಮೂಗಿಗೆ ಹತ್ತುವ ಮಸ್ಟರ್ಡು. ಸಸ್ಯಾಹಾರಿಗಳು ಗಾಬರಿಯಾಗಬೇಡಿ, ಉಪವಾಸ ಬೀಳುವುದಿಲ್ಲ. ಜರ್ಮನ್ ಹೋಟೆಲುಗಳಲ್ಲಿ ಕಾರ್ಟೊಫೆಲ್‌ಪುಫರ್ ಸಿಗುತ್ತದೆ. ಹೆಸರಿಗೆ ಹೆದರಬೇಡಿ, ತುರಿದ ಆಲೂಗಡ್ಡೆಯ ಕಟ್ಲೆಟ್. ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ. ಮೊಟ್ಟೆ ಹಾಕಿರುತ್ತಾರೆ, ಬೇಡದವರು ಮೊದಲೇ ಕೇಳಿ. ಕೋಡುಬಳೆಗೆ ಅಣ್ಣನ ಹಾಗಿರುವ ಪ್ರೆಟ್ಸೆಲ್ ಇದೆ, ಮುಖದಷ್ಟು ಅಗಲ. ಹುಳಿ ಬರಿಸಿದ ಎಲೆಕೋಸು ಸೌರ್‌ಕ್ರೌಟ್ ಅಮ್ಮನಿಗೆ ಹಿಡಿಸಿತು. “ಒಗ್ಗರಣೆ ಒಂದು ಕೊಟ್ಟಿದ್ರೆ ಸಾಕಿತ್ತು” ಅಂದರು. ನನ್ನ ಮಟ್ಟಿಗೆ ಒಳ್ಳೆಯ ಊಟ ಆಗಿದ್ದು ವಾಟರ್‌ಫ್ರಂಟ್ ಪಾರ್ಕಿನಲ್ಲಿ, ವೆನಾಚಿ ನದಿಯ ದಂಡೆಯಲ್ಲಿ, ಡಬ್ಬಿಯ ಪುಳಿಯೋಗರೆ. ಪೇಟೆಯಿಂದ ಐದು ನಿಮಿಷದ ನಡಿಗೆ, ಅರ್ಧ ಜನ ಇಲ್ಲಿಗೆ ಬರುವುದೇ ಇಲ್ಲ. ಪಕ್ಕದ ಸೇತುವೆ ದಾಟಿದರೆ ಬ್ಲ್ಯಾಕ್‌ಬರ್ಡ್ ದ್ವೀಪ, ವಯಸ್ಸಾದವರೂ ಆರಾಮಾಗಿ ಸುತ್ತಬಹುದು.

ನಡೆಯುವ ಹುರುಪು ಇದ್ದವರಿಗೆ ಕೋಲ್ಚಕ್ ಸರೋವರ. ಹೋಗಿ ಬರಲು ಸುಮಾರು 13 ಕಿಲೋಮೀಟರ್, ಎರಡು ಸಾವಿರ ಅಡಿಗೂ ಮೀರಿದ ಏರು. ನೀರಿನ ಬಣ್ಣ ನವಿಲಿನ ಕತ್ತಿನದು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಮೇಲಿನ ಲಾರ್ಚ್ ಮರಗಳು ಹಳದಿಯಾಗುತ್ತವೆ. ಸೂಜಿ ಎಲೆಯ ಮರವಾದರೂ ಚಳಿಗಾಲಕ್ಕೆ ಮೊದಲು ಎಲೆ ಉದುರಿಸುವ ಮರ ಇದು. ಅಪ್ಪ ಅಮ್ಮನ ಮಂಡಿ ನೆನೆದು ನಾವು ಆ ಕಡೆ ತಲೆ ಹಾಕಲಿಲ್ಲ. ಬದಲಿಗೆ ಐಸಿಕಲ್ ತೊರೆಯ ಪಕ್ಕದ ಸರ್ಕಾರಿ ಮೀನು ಮರಿ ಕೇಂದ್ರಕ್ಕೆ ಹೋದೆವು. ಗ್ರ್ಯಾಂಡ್ ಕೂಲಿ ಅಣೆಕಟ್ಟು ಕಟ್ಟಿದಾಗ ಸಮುದ್ರದಿಂದ ಬರುವ ಸಾಮನ್ ಮೀನುಗಳ ದಾರಿ ಮುಚ್ಚಿಹೋಯಿತು. ಆ ನಷ್ಟ ತುಂಬಲು ಕಟ್ಟಿದ್ದು ಇದು. ಅಮ್ಮನಿಗೆ ಶೃಂಗೇರಿಯ ಮೀನು ನೆನಪಾಗಿ, ಮಂಡಕ್ಕಿ ತಂದಿದ್ದರೆ ಹಾಕಬಹುದಿತ್ತು ಅಂದರು. ಇಲ್ಲಿ ಹಾಗೆಲ್ಲ ಹಾಕುವ ಹಾಗಿಲ್ಲ.

ಮಧ್ಯಾಹ್ನ ನಟ್‌ಕ್ರ್ಯಾಕರ್ ಮ್ಯೂಸಿಯಂ. ನನಗೆ ಅಷ್ಟೇನೂ ಮನಸ್ಸಿರಲಿಲ್ಲ. ಕಾಯಿ ಒಡೆಯುವ ಮರದ ಬೊಂಬೆ ಎಷ್ಟು ಅಂತ ನೋಡುವುದು? ಏಳು ಸಾವಿರಕ್ಕೂ ಜಾಸ್ತಿ ಇವೆಯಂತೆ. ಮೀಸೆಯ ಸಿಪಾಯಿ ಬೊಂಬೆಗಳ ಬೆನ್ನಿನ ಸನ್ನೆಗೋಲು ಎತ್ತಿದರೆ ಬಾಯಿ ತೆರೆಯುತ್ತದೆ. ಒಂದು ಗುಟ್ಟು ಹೇಳಲಾ? ಈ ಬೊಂಬೆಗಳ ತವರು ಬವೇರಿಯಾ ಅಲ್ಲ, ಜರ್ಮನಿಯದೇ ಇನ್ನೊಂದು ಪ್ರಾಂತ್ಯವಾದ ಸ್ಯಾಕ್ಸನಿಯ ಎರ್ಟ್ಸ್‌ಗೆಬಿರ್ಗೆ ಬೆಟ್ಟಸೀಮೆ. ವೇಷಕ್ಕೆ ಯಾರು ಅಷ್ಟು ನೋಡುತ್ತಾರೆ.

ಹಿಂದೆ ತಿರುಗಿದರೆ ಅಪ್ಪ ಇಲ್ಲ. ಒಂದು ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿ ನಿಂತಿದ್ದರು. ಒಳಗೆ ಅಡಕತ್ತರಿ! ಹಿತ್ತಾಳೆಯವು, ಕಬ್ಬಿಣದವು, ನಮ್ಮ ಅಜ್ಜನ ಎಲೆಬಟ್ಟಲಿನಲ್ಲಿ ಇದ್ದಂಥವೇ. ಅಡಿಕೆಯೂ ಒಂದು ಕಾಯಿ ತಾನೇ, ಅದನ್ನು ಕತ್ತರಿಸುವುದೂ ನಟ್‌ಕ್ರ್ಯಾಕರ್ರೇ. ಐವತ್ತು ವರ್ಷ ಅಡಿಕೆ ತೋಟ ಮಾಡಿದ ಮನುಷ್ಯ ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ಕೊನೆಗೆ ತೀರ್ಪು ಬಂತು: “ಸಾಣೆ ಹಿಡಿಸಿಲ್ಲ.” ಬಾಗಿಲಲ್ಲಿ ಕೂತಿದ್ದ ಅಜ್ಜಿಗೆ ಅಡಿಕೆ ಕತ್ತರಿಸುವುದು ಹೇಗೆ ಅಂತ ಬರೀ ಕೈಯಲ್ಲಿ ಮಾಡಿ ತೋರಿಸಿದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. ಅವರಿಬ್ಬರಿಗೂ ನನ್ನ ಅಗತ್ಯ ಇದ್ದಂತೆ ಕಾಣಲಿಲ್ಲ.

ಬರುವವರಿಗೆ ಎರಡು ಮಾತು. ಡಿಸೆಂಬರಿನ ದೀಪಗಳು ಚೆಂದ, ಒಪ್ಪುತ್ತೇನೆ. ಆದರೆ ಶನಿವಾರ ಬಂದರೆ ದೀಪಕ್ಕಿಂತ ಕಾರಿನ ಬ್ರೇಕ್ ಲೈಟೇ ಜಾಸ್ತಿ ಕಾಣುತ್ತದೆ. ವಾರದ ನಡುವೆ ಬನ್ನಿ, ಹಿಮಕ್ಕೆ ಟೈರಿಗೆ ಕಟ್ಟುವ ಚೈನ್ ಇಟ್ಟುಕೊಳ್ಳಿ. ಭಾನುವಾರ ಸಂಜೆ ವಾಪಸು ಹೊರಟರೆ ಸುಲ್ತಾನ್ ಊರಿನ ಹತ್ತಿರ ಸಾಲುಗಟ್ಟಿ ನಿಲ್ಲಬೇಕು. ನಾವು ಒಂದೂವರೆ ಗಂಟೆ ನಿಂತೆವು. ಹೊರಡುವ ಮೊದಲು ಪಕ್ಕದ ಪೆಶಾಸ್ಟಿನ್ ಊರಿನ ಕಡೆ ಹೋಗಿ ಪೇರ್ ಹಣ್ಣು ಕೊಂಡಿದ್ದು ಆಗ ಉಪಯೋಗಕ್ಕೆ ಬಂತು.

ಅಪ್ಪ ಒಂದು ಸಿಪಾಯಿ ಬೊಂಬೆ ಕೊಂಡಿದ್ದರು. ಈಗಿನವು ಅಲಂಕಾರಕ್ಕೆ ಮಾತ್ರ, ಕಾಯಿ ಒಡೆಯಬೇಡಿ ಅಂತ ನಾನು ಹೇಳಿದ್ದೆ. ಊರಿಗೆ ಹೋದ ಮೇಲೆ ಅದರ ಬಾಯಿಗೆ ಚಾಲಿ ಅಡಿಕೆಯನ್ನೇ ಇಟ್ಟರಂತೆ. ಈಗ ಅದು ಸಾಗರದ ಮನೆಯ ಷೋಕೇಸಿನಲ್ಲಿ, ದವಡೆಗೆ ಬಾಳೆನಾರು ಸುತ್ತಿಕೊಂಡು, ಸೆಟೆದು ನಿಂತಿದೆ.