ಬೋಮನ್ ಗ್ರೇನಲ್ಲಿ ಒಂದು ಶನಿವಾರ

ನಾರ್ತ್ ಕೆರೊಲಿನಾದಲ್ಲಿ ನೆಲೆಸಿದ ಮೇಲೆ ಭಾನುವಾರ ಟಿವಿಯಲ್ಲಿ ನ್ಯಾಸ್ಕಾರ್ ಎಂಬ ಸ್ಟಾಕ್ ಕಾರ್ ರೇಸ್ ನೋಡುವುದು ನಮ್ಮ ಮನೆಯ ರೂಢಿಯಾಯಿತು. ಆದರೆ ನನಗೆ ಈ ಆಟದ ಹುಚ್ಚು ಹಿಡಿದದ್ದು ವಿನ್‌ಸ್ಟನ್-ಸೇಲಂನ ಬೋಮನ್ ಗ್ರೇ ಸ್ಟೇಡಿಯಂನಲ್ಲಿ, ಹಾಸನದಿಂದ ಬಂದಿದ್ದ ಅತ್ತೆಯವರನ್ನು ಕರೆದುಕೊಂಡು ಹೋದ ಒಂದು ಬೇಸಿಗೆಯ ಶನಿವಾರ ಸಂಜೆ.

ಫುಟ್‌ಬಾಲ್ ಮೈದಾನದ ಸುತ್ತ ಕಾಲು ಮೈಲಿಯ ಡಾಂಬರು ದಾರಿ, ಅಷ್ಟೇ. ತಿರುವುಗಳೂ ಸಪಾಟು. 1949ರಲ್ಲಿ ಶುರುವಾದ ವಾರದ ರೇಸ್ ಈಗಲೂ ಇಲ್ಲಿ ಬೇಸಿಗೆಯುದ್ದಕ್ಕೂ ನಡೆಯುತ್ತದೆ. ಫ್ಲಾರಿಡಾದ ಹೆಸರಾಂತ ಟ್ರ್ಯಾಕ್ ಡೇಟೋನಾದ ಸುತ್ತು ಎರಡೂವರೆ ಮೈಲಿ. ಅಲ್ಲಿ ದೂರದ ಕಾರುಗಳು ಬಣ್ಣದ ಚುಕ್ಕೆಗಳಾಗುತ್ತವೆ. ಇಲ್ಲಿ ಕುಳಿತಲ್ಲಿಂದಲೇ ಪ್ರತಿ ಕಾರೂ ಪ್ರತಿ ಕ್ಷಣ ಕಾಣುತ್ತದೆ. ಪಕ್ಕದಿಂದ ದಾಟಿಹೋಗಲು ಜಾಗ ಸಾಲದು, ಹಾಗಾಗಿ ಹಿಂದಿನವನು ಮುಂದಿನವನ ಬಂಪರಿಗೆ ಗುದ್ದಿ ಸರಿಸುತ್ತಾನೆ. ಗುದ್ದಿಸಿಕೊಂಡವನು ಅದನ್ನು ಮರೆಯುವುದಿಲ್ಲ, ಜನರೂ ಮರೆಯುವುದಿಲ್ಲ.

ಅತ್ತೆ ಕಿವಿಗೆ ಹತ್ತಿ ಇಟ್ಟುಕೊಂಡು, ಬಾಗಿಲು ನೆಗ್ಗಿದ ಒಂದು ಹಳದಿ ಕಾರನ್ನು ತಮ್ಮದಾಗಿ ಆರಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, “ಇವರೆಲ್ಲ ಹೊಟ್ಟೆಪಾಡಿಗೆ ಏನು ಮಾಡುತ್ತಾರಮ್ಮ?” ಎಂದು ಕೇಳಿದರು. ಟಿವಿಯ ಮುಂದೆ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು ವಿಚಾರಿಸಿದೆ. ಹಳದಿ ಕಾರಿನವನು ಹಗಲು ಟ್ರಕ್ ರಿಪೇರಿ ಮಾಡುತ್ತಾನಂತೆ. ಕಾರನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ಅವನೂ ಅವನ ಅಣ್ಣನೂ ಸೇರಿ ಕಟ್ಟಿದ್ದಂತೆ.

ಸ್ಟಾಕ್ ಕಾರ್ ರೇಸ್ ಹುಟ್ಟಿದ್ದೇ ಇಂಥ ಶೆಡ್ಡುಗಳಲ್ಲಿ. 1949ರ ಜೂನ್‌ನಲ್ಲಿ ಷಾರ್ಲೆಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ, ಅಂಗಡಿಯಲ್ಲಿ ಮಾರುವಂಥ ಕಾರುಗಳಿಗೆಂದೇ ನ್ಯಾಸ್ಕಾರ್ ನಡೆಸಿದ ಸರಣಿಯ ಮೊದಲ ರೇಸಿನಲ್ಲಿ ಗ್ಲೆನ್ ಡನವೇ ಮೊದಲು ಗುರಿ ಮುಟ್ಟಿದ್ದ. ಆದರೆ ಅವನ ಫೋರ್ಡ್‌ನ ಹಿಂದಿನ ಸ್ಪ್ರಿಂಗುಗಳನ್ನು ಕಳ್ಳಭಟ್ಟಿ ಸಾಗಿಸುವವರ ರೀತಿಯಲ್ಲಿ ಮಾರ್ಪಡಿಸಿದ್ದು ಪತ್ತೆಯಾಗಿ, ಗೆಲುವು ಜಿಮ್ ರೋಪರ್ ಪಾಲಾಯಿತು. ಈಗ ನ್ಯಾಸ್ಕಾರ್‌ನ ಅತಿ ದೊಡ್ಡ ಸರಣಿಯಾದ ಕಪ್ ಸರಣಿಯ ಕಾರೇ ಬೇರೆ. 2022ರಲ್ಲಿ ಬಂದ ಹೊಸ ಕಾರಿನ ಹೆಚ್ಚಿನ ಭಾಗಗಳನ್ನು ಎಲ್ಲ ತಂಡಗಳೂ ಗೊತ್ತುಪಡಿಸಿದ ಕಂಪನಿಗಳಿಂದಲೇ ಕೊಳ್ಳಬೇಕು. ಐದು ನಟ್ಟುಗಳ ಉಕ್ಕಿನ ಚಕ್ರ ಹೋಗಿ ಒಂದೇ ನಟ್ಟಿನ ಅಲ್ಯೂಮಿನಿಯಂ ಚಕ್ರ ಬಂದಿದೆ. ಖರ್ಚು ತಗ್ಗಬೇಕು, ಸಣ್ಣ ತಂಡಗಳೂ ಪೈಪೋಟಿ ಕೊಡಬೇಕು ಎಂಬ ಉದ್ದೇಶ ನನಗೆ ಅರ್ಥವಾಗುತ್ತದೆ. 2001ರಲ್ಲಿ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಡೇಟೋನಾದ ರೇಸಿನಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡ ಮೇಲೆ ಚಾಲಕರ ಕುತ್ತಿಗೆಯ ರಕ್ಷಣೆಗೂ ಟ್ರ್ಯಾಕಿನ ಗೋಡೆಗಳಿಗೂ ಬಂದ ಸುಧಾರಣೆಗಳನ್ನಂತೂ ಯಾರೂ ಅಲ್ಲಗಳೆಯಲಾರರು. ಆದರೂ ಎಲ್ಲರೂ ಒಂದೇ ಕಪಾಟಿನಿಂದ ಭಾಗಗಳನ್ನು ತಂದು ಜೋಡಿಸುವಾಗ ಮೆಕ್ಯಾನಿಕ್‌ನ ಕೈಚಳಕಕ್ಕೆ ಜಾಗ ಕಿರಿದಾಗುತ್ತದೆ. ನಾನು ಎಂಜಿನಿಯರ್, ನನಗೆ ಇದು ನೋವಿನ ಸಂಗತಿ. 2014ರಿಂದ 2025ರವರೆಗೆ ಇದ್ದ, ಕೊನೆಯ ರೇಸಿನಲ್ಲೇ ಚಾಂಪಿಯನ್ ಯಾರೆಂದು ತೀರ್ಮಾನವಾಗುತ್ತಿದ್ದ ಪ್ಲೇಆಫ್ ಪದ್ಧತಿಯೂ ನನಗೆ ಒಗ್ಗಲಿಲ್ಲ. ವರ್ಷವಿಡೀ ಚೆನ್ನಾಗಿ ಓಡಿಸಿದವನ ಪ್ರಶಸ್ತಿ ಕೊನೆಯ ಒಂದು ಮಧ್ಯಾಹ್ನದಲ್ಲಿ ಕೈತಪ್ಪುತ್ತಿದ್ದದ್ದು ನ್ಯಾಯವಾಗಿರಲಿಲ್ಲ.

ರೇಸ್ ಮುಗಿದ ಮೇಲೆ ಕಾರುಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಪಿಟ್ ಕಡೆ ಹೋದೆವು. ಹಳದಿ ಕಾರಿನ ಹುಡುಗ ಸುತ್ತಿಗೆ ಹಿಡಿದು ಫೆಂಡರ್ ನೆಟ್ಟಗೆ ಮಾಡುತ್ತಿದ್ದ. ಸೀರೆಯುಟ್ಟ ಅತ್ತೆಯನ್ನು ಕಂಡು ಕೈಯೊರೆಸಿಕೊಂಡು ಎದ್ದು ಬಂದ. ಅತ್ತೆ ಕನ್ನಡದಲ್ಲೇ, “ಮುಂದಿನ ವಾರ ನೀನೇ ಗೆಲ್ಲಬೇಕು” ಎಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಗಂಭೀರವಾಗಿ ತಲೆಯಾಡಿಸಿ, ಎಡಗಡೆಯ ಸ್ಪ್ರಿಂಗ್ ಬದಲಿಸಿದರೆ ಗೆಲ್ಲುತ್ತೇನೆ ಎಂದ.

ದೊಡ್ಡ ರೇಸಿನವರಿಗೂ ಈ ಸಣ್ಣ ಟ್ರ್ಯಾಕುಗಳ ನೆನಪು ಮರಳಿದೆ. 1996ರ ನಂತರ ಕಪ್ ರೇಸ್ ಕಾಣದೆ ಪಾಳುಬಿದ್ದಿದ್ದ ನಾರ್ತ್ ವಿಲ್ಕ್ಸ್‌ಬರೊ ಟ್ರ್ಯಾಕ್ 2023ರಲ್ಲಿ ಕಪ್ ಸರಣಿಯ ಆಲ್-ಸ್ಟಾರ್ ರೇಸಿಗೆ ಬಾಗಿಲು ತೆರೆಯಿತು. 2025ರ ಫೆಬ್ರುವರಿಯಲ್ಲಿ ಕಪ್ ಕಾರುಗಳು ಬೋಮನ್ ಗ್ರೇಗೇ ಬಂದವು, 1971ರ ನಂತರ ಮೊದಲ ಸಲ. ಗೆದ್ದವನು ಚೇಸ್ ಎಲಿಯಟ್. ಇಲ್ಲಿನ ಶನಿವಾರದ ಚಾಂಪಿಯನ್ನರಾದ ಟಿಮ್ ಬ್ರೌನ್, ಬರ್ಟ್ ಮೈಯರ್ಸ್ ಕೂಡ ಕಪ್ ಕಾರು ಹತ್ತಿದರು. ಅಂತಿಮ ಓಟಕ್ಕೆ ಇಬ್ಬರೂ ತಲುಪಲಿಲ್ಲ. ಏಪ್ರಿಲ್‌ನಲ್ಲಿ ವಾರದ ರೇಸ್ ಶುರುವಾದಾಗ ಇಬ್ಬರೂ ಇಲ್ಲಿನ ಶನಿವಾರದ ರೇಸಿನ ತಮ್ಮ ‘ಮಾಡಿಫೈಡ್’ ಕಾರುಗಳಲ್ಲಿ ಅದೇ ಕಾಲು ಮೈಲಿಗೆ ಮರಳಿದ್ದರು.