ಕೆಳಗೆ ಹೊಲ, ಮೇಲೆ ಕಾಲುವೆ: ಫೆನ್ ನಾಡಿನಲ್ಲಿ ಒಂದು ಸೈಕಲ್ ದಿನ

ಭಾನುವಾರ, 23 ಜೂನ್ 2024
ಕೇಂಬ್ರಿಡ್ಜ್

ಒಂಬತ್ತು ಗಂಟೆಗೆಲ್ಲ ಬಿಸಿಲು ಚುರುಕಾಗಿತ್ತು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಿಂದ ವಿಕೆನ್ ಫೆನ್ (ಫೆನ್ ಅಂದರೆ ಜೌಗು ನೆಲ) ಮೇಲೆ ಹಾಯ್ದು ಈಲಿ ಊರಿಗೆ ಸುಮಾರು 40 ಕಿಲೋಮೀಟರ್. ವಾಪಸ್ ರೈಲಿನಲ್ಲಿ. ಈ ಕಡೆ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ಈಲಿ ಇರುವುದು ಈಶಾನ್ಯಕ್ಕೆ. ಅಂದರೆ ಗಾಳಿಯೇ ಬೆನ್ನು ತಳ್ಳಿಕೊಂಡು ಹೋಗುತ್ತದೆ. ನಮ್ಮ ಗುಂಪಿನ ಮುಂದಾಳು ನಿವೃತ್ತ ಮೇಡಂ ಒಬ್ಬರು, ಅವರ ಲೆಕ್ಕ ಯಾವಾಗಲೂ ಪಕ್ಕಾ.

ಗುಂಪಿನ ಪದ್ಧತಿ ನನಗೆ ತುಂಬಾ ಇಷ್ಟ. ತಿರುವು ಬಂದರೆ ಮುಂದಾಳು ತಮ್ಮ ಹಿಂದಿದ್ದವರನ್ನು ಅಲ್ಲೇ ನಿಲ್ಲಿಸಿ ಹೋಗುತ್ತಾರೆ. ನಿಂತವರು ಎಲ್ಲರಿಗೂ ದಾರಿ ತೋರಿಸಿ, ಹಳದಿ ಜಾಕೆಟ್ ಹಾಕಿದ ಕಡೆಯವರು ಬಂದ ಮೇಲೇ ಹೊರಡಬೇಕು. ಜೋರಾಗಿ ಹೊಡೆಯುವವರು, ನಿಧಾನ ಬರುವವರು ಎಲ್ಲರೂ ಇರುತ್ತಾರೆ, ಆದರೆ ಯಾರೂ ತಪ್ಪಿಸಿಕೊಳ್ಳೋದಿಲ್ಲ. ಗುಂಡಿ ಕಂಡರೆ ಮುಂದಿನವರು ಕೂಗುತ್ತಾರೆ, ಆ ಕೂಗು ಒಬ್ಬರಿಂದ ಒಬ್ಬರಿಗೆ ಕೊನೆವರೆಗೂ ಹೋಗುತ್ತದೆ.

ಲೋಡ್ ಅನ್ನುವ ಹಳ್ಳಿ ದಾಟಿದ ಮೇಲೆ ಸುತ್ತ ಬರೀ ಬಯಲು. ಗೋಧಿ, ಸಕ್ಕರೆ ಬೀಟ್, ಆಕಾಶ. ಇಲ್ಲಿ ಒಂದು ವಿಚಿತ್ರ ಇದೆ. ಕಾಲುವೆ ನೋಡಬೇಕು ಅಂದರೆ ಏರಿ ಹತ್ತಬೇಕು! ರೀಚ್ ಹಳ್ಳಿಯ ಕಾಲುವೆಯ ಸೇತುವೆ ಮೇಲೆ ನಿಂತು ನೋಡಿದರೆ ಸ್ಪಷ್ಟವಾಗಿ ಗೊತ್ತಾಗುತ್ತದೆ: ನೀರು ಮೇಲಿದೆ, ಪಕ್ಕದ ಹೊಲ ಕೆಳಗಿದೆ. ಈ ಕಾಲುವೆಗಳು ರೋಮನ್ನರ ಕಾಲದವು ಅಂತ ಹೇಳುತ್ತಾರೆ. ಮುಂದಿನ ಬರ್ವೆಲ್ ಕಾಲುವೆಯ ಸೇತುವೆಗೆ ಮೆಟ್ಟಿಲು. ಸೈಕಲ್ ಏರಿಸೋಕೆ ಒಬ್ಬರಿಗೊಬ್ಬರು ಕೈ ಕೊಟ್ಟೆವು.

ಅದನ್ನು ದಾಟಿದ ಕೂಡಲೇ ಒಬ್ಬರ ಹಿಂದಿನ ಟೈರು ಪಂಕ್ಚರ್. ಎಲ್ಲರೂ ನಿಂತೆವು. ಟೈರಿನ ಒಳಗೆ ಬೆರಳಾಡಿಸಿದರೆ ಸಿಕ್ಕಿದ್ದು ಉಗುರಿನಷ್ಟು ಉದ್ದದ ಕರೀ ಮುಳ್ಳು. ಟ್ಯೂಬ್ ಬದಲಾಯಿಸುವ ಹೊತ್ತಿಗೆ ನಾನು ಹೊಲದ ಅಂಚಿಗೆ ಕೂತು ಒಂದು ಹಿಡಿ ಮಣ್ಣು ತೊಗೊಂಡೆ. ನೋಡೋಕೆ ಥೇಟ್ ನಮ್ಮ ಗದಗ ಕಡೆಯ ಎರೆ ಮಣ್ಣು. ಆದರೆ ಕೈಯಲ್ಲಿ ತೂಕವೇ ಇಲ್ಲ. ಎರೆ ಮಣ್ಣು ಹೆಂಟೆ ಕಟ್ಟುತ್ತದೆ, ಇದು ಹಿಸುಕಿದರೆ ಪುಡಿ ಪುಡಿ. ಬೆರಳ ಸಂದಿಯಲ್ಲಿ ನಾರಿನ ಎಳೆ ಉಳಿಯಿತು. ಜೌಗಿನಲ್ಲಿ ಸಾವಿರಾರು ವರ್ಷ ಜೊಂಡು, ಹುಲ್ಲು ಅರೆಬರೆ ಕೊಳೆತು ಆದ ಮಣ್ಣು ಇದು. ಇದಕ್ಕೆ ಪೀಟ್ ಅಂತಾರೆ.

17ನೇ ಶತಮಾನದಲ್ಲಿ ಡಚ್ ಎಂಜಿನಿಯರ್ ವರ್ಮೈಡನ್ ಮುಂದಾಳತ್ವದಲ್ಲಿ ಈ ಜೌಗಿನ ನೀರು ಬಸಿಯುವ ದೊಡ್ಡ ಕೆಲಸ ನಡೆಯಿತು. ನೀರು ಹೋದ ಮೇಲೆ ಪೀಟ್ ಕುಗ್ಗಿತು. ಗಾಳಿ ತಾಗಿ ಸವೆಯಿತು, ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಯಿತು. ನೆಲ ಇಳಿದಂತೆಲ್ಲ ನೀರು ಮೇಲೆತ್ತೋಕೆ ಗಾಳಿಯಂತ್ರ ಬಂತು, ಆಮೇಲೆ ಉಗಿಯಂತ್ರ, ಡೀಸೆಲ್, ಈಗ ಕರೆಂಟ್ ಪಂಪು. ನಮ್ಮ ಜೊತೆಗಿದ್ದ ಹಿರಿಯ ರೈತರೊಬ್ಬರು, "ನಮ್ಮ ತಾತನ ಕಾಲದಲ್ಲಿ ಕರೀ ಮಣ್ಣು ಸೊಂಟದಷ್ಟು ಆಳ ಇತ್ತು, ಈಗ ನೇಗಿಲಿಗೆ ಅಡಿಯ ಜೇಡಿ ತಾಗುತ್ತೆ" ಅಂದರು. ಕೇಳಿ ಕರುಳು ಚುರ್ ಅಂತು. ಮಣ್ಣು ಹೋಗೋದು ಅಂದರೆ ಏನು ಅಂತ ಹೊಲ ಇದ್ದ ಮನೆಯವರಿಗೆ ಬಿಡಿಸಿ ಹೇಳಬೇಕಾ?

ಪೂರ್ತಿ ಬಸಿಯದೇ ಉಳಿದ ಕೆಲವೇ ಜಾಗಗಳಲ್ಲಿ ವಿಕೆನ್ ಫೆನ್ ಒಂದು. ಪ್ರಕೃತಿ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ ಇಲ್ಲಿ ಮೊದಲ ತುಂಡು ನೆಲ ಕೊಂಡದ್ದು 1899ರಲ್ಲಿ. ಸುತ್ತಲಿನ ಹೊಲಕ್ಕಿಂತ ಈ ನೆಲವೇ ಎತ್ತರಕ್ಕಿದೆ. ಮರದ ಗಾಳಿಯಂತ್ರ ಇನ್ನೂ ಇದೆ, ಆದರೆ ಈಗ ಅದರ ಕೆಲಸ ತಿರುಗುಮುರುಗು: ನೀರು ಹೊರಗೆ ಹಾಕೋದಲ್ಲ, ಜೌಗಿಗೆ ತುಂಬೋದು. ಸುತ್ತಲಿನ ಹೊಲಗಳನ್ನೂ ನಿಧಾನಕ್ಕೆ ತೇವಕ್ಕೆ ಮರಳಿಸಿ ಒಟ್ಟು 53 ಚದರ ಕಿಲೋಮೀಟರ್ ಮಾಡುವ 100 ವರ್ಷದ ಯೋಜನೆ ಅವರದ್ದು. ಇಲ್ಲಿ ಬೆಳೆಯುವ ತರಕಾರಿ ದೇಶಕ್ಕೆಲ್ಲ ಹೋಗುತ್ತದೆ, ಹಾಗಾಗಿ ಎಲ್ಲ ಹೊಲಕ್ಕೂ ನೀರು ಬಿಡಿ ಅನ್ನೋಕಾಗೋದಿಲ್ಲ. ಆದರೆ ಇಷ್ಟಾದರೂ ಉಳಿಯಲೇಬೇಕು.

ಅಲ್ಲೇ ಊಟ. ಗುಂಪಿನವರ ಚೀಸ್ ಸ್ಯಾಂಡ್‌ವಿಚ್ ಜೊತೆ ನನ್ನ ಚಪಾತಿ, ಶೇಂಗಾ ಚಟ್ನಿ ಪುಡಿ ಎಲ್ಲರ ಕೈಗೂ ಹೋಯಿತು. ಜೊಂಡಿನ ಮೇಲೆ ಮಾರ್ಷ್ ಹ್ಯಾರಿಯರ್ ಅನ್ನುವ ಬೇಟೆಹಕ್ಕಿ ತೇಲುತ್ತಿತ್ತು. ಈ ಜಾತಿ ಚಳಿಗಾಲಕ್ಕೆ ನಮ್ಮ ಕರ್ನಾಟಕದ ಕೆರೆಗಳಿಗೂ ಬರುತ್ತದೆ.

ಸೋಹಮ್, ಬಾರ್ವೇ ಬೇಗ ಕಳೆದವು. ಈಲಿ ಒಂದು ಕಾಲಕ್ಕೆ ಜೌಗಿನ ನಡುವಿನ ದ್ವೀಪ, ಇವತ್ತಿನ ನಿಜವಾದ ಏರು ಅಂದರೆ ಊರೊಳಗಿನ ಆ ಗುಡ್ಡವೊಂದೇ. 1083ರಲ್ಲಿ ಕಟ್ಟೋಕೆ ಶುರುಮಾಡಿದ ಕ್ಯಾಥೆಡ್ರಲ್ ಎಷ್ಟೋ ದೂರದಿಂದ ಕಾಣುತ್ತಿತ್ತು. ನಾನು ಒಳಗೆ ಹೋದದ್ದು ಮುಖ್ಯವಾಗಿ ಒಂದು ಮೇಜು ನೋಡೋಕೆ. 2012ರಲ್ಲಿ ನಾರ್ಫೋಕ್‌ನ ಹೊಲವೊಂದರ ಪೀಟ್ ಒಳಗೆ ಸಿಕ್ಕ, ಸುಮಾರು 5000 ವರ್ಷ ಹಳೆಯ ಓಕ್ ಮರದಿಂದ ಮಾಡಿದ್ದು. ಉದ್ದ 13 ಮೀಟರ್, ಬಣ್ಣ ಕಪ್ಪು. ಗಾಳಿ ಇಲ್ಲದ ಒದ್ದೆ ಮಣ್ಣಿನಲ್ಲಿ ಇದ್ದದ್ದಕ್ಕೇ ಅದು ಕೊಳೆಯದೆ ಉಳಿಯಿತು. ನೆಲ ಕುಗ್ಗುತ್ತಾ ಬಂದಂತೆ ಇಂಥ ದಿಮ್ಮಿಗಳು ನೇಗಿಲಿಗೆ ಸಿಗುತ್ತವೆ. ಜೊತೆಗಿದ್ದ ಆ ಹಿರಿಯ ರೈತರು ತಮ್ಮ ಹೊಲದಲ್ಲೂ ಇಂಥವು ಎದ್ದಿದ್ದವು, ಆಗ ಕಡಿದು ಒಲೆಗೆ ಹಾಕುತ್ತಿದ್ದೆವು ಅಂದರು. ಮೇಜಿನ ಈ ತುದಿಯಿಂದ ಆ ತುದಿಗೆ ಅವರು ಎರಡು ಸಲ ನಡೆದರು. ರೈಲಿಗೆ ಹೊತ್ತಾಯಿತು ಅಂತ ಮುಂದಾಳು ಬಂದು ಕರೆಯಬೇಕಾಯಿತು.