ಮಾಯೆ ತೆಗೆದರೆ ಪ್ರೇಮ ಉಳಿಯುತ್ತದೆಯೇ?

ಅರ್ಬನ್ ಫ್ಯಾಂಟಸಿ, ಅಂದರೆ ಇಂದಿನ ನಗರಗಳಲ್ಲಿ ಮಾಯಾಜೀವಿಗಳು ಓಡಾಡುವ ಪ್ರೇಮಕಾದಂಬರಿಗಳು ನನಗೆ ಇಷ್ಟ ಎಂದ ಕೂಡಲೇ ಎದುರಿನವರು ಕೇಳುವ ಪ್ರಶ್ನೆ ಒಂದೇ: "ಕೊನೆಗೂ ಅದು ಹುಡುಗ ಹುಡುಗಿ ಕಥೆ ತಾನೇ? ಹುಡುಗನಿಗೆ ಕೋರೆಹಲ್ಲೋ ರೆಕ್ಕೆಯೋ ಅಂಟಿಸಿರುತ್ತಾರೆ, ಅಷ್ಟೇ ಅಲ್ವಾ?"

ಬಹಳಷ್ಟು ಪುಸ್ತಕಗಳ ಮಟ್ಟಿಗೆ ಈ ಮಾತು ನಿಜ. ಓದುವಾಗ ನಾನೂ ಒಂದು ಪರೀಕ್ಷೆ ಮಾಡುತ್ತೇನೆ. ಕಥೆಯಿಂದ ಮಾಯೆಯನ್ನೆಲ್ಲ ಕಿತ್ತು ಪಕ್ಕಕ್ಕಿಟ್ಟು ನೋಡುತ್ತೇನೆ. ರಕ್ತಪಿಶಾಚಿಯ ಜಾಗದಲ್ಲಿ ಒಬ್ಬ ಮುಂಗೋಪಿ ಸಿರಿವಂತನನ್ನು ಕೂರಿಸಿದರೂ ಪ್ರೇಮಕಥೆ ಒಂಚೂರೂ ಅಲುಗಾಡದೆ ನಡೆದರೆ, ಅಲ್ಲಿ ಮಾಯೆ ಬರೀ ವೇಷ. ಅಂಥ ಪುಸ್ತಕಗಳನ್ನು ಎಷ್ಟೋ ಸಲ ಅರ್ಧಕ್ಕೆ ಬಿಟ್ಟಿದ್ದೇನೆ. ಆದರೆ ಈ ಪರೀಕ್ಷೆಯಲ್ಲಿ ಪೂರ್ತಿ ಗೆದ್ದ ಒಂದು ಕಾದಂಬರಿ ಇದೆ. ಕೇಳಿದವರಿಗೆಲ್ಲ ಅದನ್ನೇ ಮುಂದಿಡುತ್ತೇನೆ: ಎಮ್ಮಾ ಬುಲ್ ಬರೆದ 'ವಾರ್ ಫಾರ್ ದಿ ಓಕ್ಸ್'. 1987ರಲ್ಲಿ ಬಂದದ್ದು, ಅವರ ಮೊದಲ ಕಾದಂಬರಿ. ಮರುವರ್ಷ ವೈಜ್ಞಾನಿಕ ಮತ್ತು ಫ್ಯಾಂಟಸಿ ಸಾಹಿತ್ಯದ ಲೋಕಸ್ ಪ್ರಶಸ್ತಿಗಳಲ್ಲಿ ಚೊಚ್ಚಲ ಕಾದಂಬರಿಗೆ ಕೊಡುವ ಪ್ರಶಸ್ತಿ ಇದಕ್ಕೇ ಸಿಕ್ಕಿತು.

ಕಥೆ ನಡೆಯುವುದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ. ಎಡ್ಡಿ ಮೆಕ್‌ಕ್ಯಾಂಡ್ರಿ ರಾಕ್ ಸಂಗೀತದವಳು, ಹಾಡುತ್ತಾಳೆ, ಗಿಟಾರ್ ನುಡಿಸುತ್ತಾಳೆ. ಅವಳ ಪ್ರಿಯಕರನೂ ಬ್ಯಾಂಡೂ ಒಟ್ಟಿಗೇ ಕೈತಪ್ಪಿದ ಹೊತ್ತಿನಲ್ಲಿ, ರಾತ್ರಿ ನಿಕಲೆಟ್ ಮಾಲ್ ಎಂಬ ಬೀದಿಯಲ್ಲಿ ಒಂದು ಕಪ್ಪು ನಾಯಿ ಬೆನ್ನಟ್ಟುತ್ತದೆ. ಆ ನಾಯಿಯೇ ಫೂಕಾ. ಐರಿಷ್ ಜನಪದ ಕಥೆಗಳಲ್ಲಿ ರೂಪ ಬದಲಿಸಿ ಮನುಷ್ಯರನ್ನು ಕಾಡುವ ಜೀವಿಗೆ ಆ ಹೆಸರು. ಇಲ್ಲಿ ಅವನು ಕೆಲವೊಮ್ಮೆ ನಾಯಿ, ಕೆಲವೊಮ್ಮೆ ಬಲು ಠೀವಿಯ, ಮಾತಿನ ಮಲ್ಲನಾದ ಗಂಡಸು.

ಅವಳನ್ನು ಅವನು ಹಿಡಿದದ್ದೇಕೆ ಎಂಬುದರಲ್ಲೇ ಇಡೀ ಕಾದಂಬರಿಯ ಜೀವ ಇದೆ. ಸ್ಕಾಟ್ಲೆಂಡಿನ ಜನಪದದಲ್ಲಿ ಬರುವ ಕಿನ್ನರರ ಎರಡು ಪಂಗಡಗಳು, ಸೀಲಿ ಮತ್ತು ಅನ್‌ಸೀಲಿ, ಆ ನಗರಕ್ಕಾಗಿ ಯುದ್ಧಕ್ಕೆ ನಿಂತಿವೆ. ಅವರಿಗೆ ಸಾವಿಲ್ಲ. ಕತ್ತಿ ಬೀಸಬಹುದು, ಗಾಯ ಮಾಡಬಹುದು, ಆದರೆ ಯಾರೂ ಸಾಯುವುದಿಲ್ಲ. ರಣರಂಗದಲ್ಲಿ ಸಾವಿರುವ ಜೀವಿಯೊಂದು, ಅಂದರೆ ಒಬ್ಬ ಮನುಷ್ಯ ಇದ್ದರೆ ಮಾತ್ರ ಅವರ ಏಟಿಗೆ ಪ್ರಾಣ ಹೋಗುತ್ತದೆ. ಆ ಮನುಷ್ಯಳಾಗಿ ಎಡ್ಡಿಯನ್ನು ಸೀಲಿ ಪಂಗಡದ ಪರವಾಗಿ ಫೂಕಾ ಆರಿಸಿದ್ದಾನೆ, ಅವಳನ್ನು ಒಂದು ಮಾತೂ ಕೇಳದೆ. ಎದುರಾಳಿಗಳು ಅವಳನ್ನು ಕೊಲ್ಲದ ಹಾಗೆ ಹಗಲೂ ರಾತ್ರಿ ಕಾಯುವ ಕೆಲಸ ಫೂಕಾನದು.

ಈಗ ಆ ಪರೀಕ್ಷೆಗೆ ಬನ್ನಿ. ಅವಳು ಕಣದಲ್ಲಿ ಕಾಲಿಟ್ಟರೆ ಸಾವೂ ಅವಳ ಜೊತೆಗೇ ಬರುತ್ತದೆ. ಆ ಸಾವು ಯಾರ ಮೇಲೆ ಬೀಳುತ್ತದೆ? ಫೂಕಾನ ಮೇಲೂ ಬೀಳಬಹುದು. ಯಾರ ಇರವಿನಿಂದಲೇ ತನ್ನ ಪ್ರಾಣಕ್ಕೆ ಅಪಾಯ ಹುಟ್ಟಿತೋ ಅವಳನ್ನೇ ಅವನು ಪ್ರೀತಿಸುತ್ತಾನೆ. ಈ ಮಾಯೆಯ ನಿಯಮ ತೆಗೆದುಬಿಟ್ಟರೆ ಪ್ರೇಮವೂ ಅಲ್ಲಿಗೇ ಕುಸಿಯುತ್ತದೆ, ಉಳಿಯುವುದು ಒಂದು ಬ್ಯಾಂಡಿನ ಕಥೆ ಅಷ್ಟೇ.

ಇದನ್ನು ಓದುವಾಗಲೆಲ್ಲ ನನಗೆ ದಮಯಂತಿಯ ಸ್ವಯಂವರ ನೆನಪಾಗುತ್ತದೆ. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪ ತೊಟ್ಟು ಸಾಲಾಗಿ ಕೂತಿದ್ದರು. ಅವಳು ನಿಜವಾದ ನಳನನ್ನು ಕಂಡುಹಿಡಿದದ್ದು ಹೇಗೆ? ಅವನೊಬ್ಬನೇ ಬೆವರಿದ್ದ, ಅವನ ಕಣ್ಣೆವೆ ಮಿಟುಕುತ್ತಿತ್ತು, ಹಾರ ಬಾಡಿತ್ತು, ನೆಲದ ಮೇಲೆ ನೆರಳು ಬಿದ್ದಿತ್ತು. ಸಾಯುವವನ ಗುರುತುಗಳನ್ನು ನೋಡಿಯೇ ಅವಳು ಮಾಲೆ ಹಾಕಿದಳು, ಯಮನೇ ಪಕ್ಕದಲ್ಲಿ ಕೂತಿದ್ದಾಗ! ಎಮ್ಮಾ ಬುಲ್ ಕಾದಂಬರಿಯಲ್ಲಿ ಮಾಲೆ ಬೇರೆ ಕಡೆಯಿಂದ ಬರುತ್ತದೆ. ಅಮರನೇ ಬೆವರುವವಳನ್ನು ಆರಿಸಿಕೊಂಡು ತನ್ನ ಹಾರವೂ ಬಾಡಲಿ ಎಂದು ಒಪ್ಪುತ್ತಾನೆ. ಇಂಥದ್ದನ್ನು ಹೇಳಲು ಅಮರರೂ ಬೇಕು, ಮರ್ತ್ಯರೂ ಬೇಕು. ಅದಕ್ಕೇ ಈ ಪ್ರಕಾರವನ್ನು ಬರೀ ಹುಡುಗ ಹುಡುಗಿ ಕಥೆ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಕಾರಣಕ್ಕೂ ಈ ಪುಸ್ತಕದ ಮೇಲೆ ನನಗೆ ಗೌರವ. "ನಿನ್ನ ಒಳ್ಳೆಯದಕ್ಕೇ" ಎನ್ನುತ್ತ ಹೆಣ್ಣಿನ ಮೇಲೆ ಕಾವಲು ಕೂರುವ ಗಂಡನ್ನು ಎಷ್ಟೋ ಕಾದಂಬರಿಗಳು ಪ್ರೇಮಿ ಎಂದೇ ತೋರಿಸುತ್ತವೆ. ನನಗದು ಸಹಿಸುವುದಿಲ್ಲ. ಇಲ್ಲೂ ಕಥೆ ಶುರುವಾಗುವುದು ಬಲವಂತದಿಂದಲೇ, ಆದರೆ ಅದನ್ನು ಯಾರೂ ಸಿಂಗರಿಸಿ ಹೇಳುವುದಿಲ್ಲ. ಎಡ್ಡಿ ಸಿಟ್ಟಾಗುತ್ತಾಳೆ, ಜಗಳವಾಡುತ್ತಾಳೆ, ಆ ಸಿಟ್ಟು ನ್ಯಾಯವಾದದ್ದು ಎಂದೇ ಕಾದಂಬರಿ ನಡೆದುಕೊಳ್ಳುತ್ತದೆ. ಬರಬರುತ್ತ ತಾನು ಮಾಡಿದ ಆಯ್ಕೆ ಫೂಕಾನಿಗೇ ಭಾರವಾಗುತ್ತದೆ. ಅವರ ನಡುವೆ ಪ್ರೀತಿ ಹುಟ್ಟುವುದು ಆ ಭಾರ ಅವನಿಗೆ ಅರ್ಥವಾದ ಮೇಲೆ. ಅವಳೂ ಮೊದಲು ಒಲಿಯುವುದು ಅವನಿಗಲ್ಲ, ಬ್ಯಾಂಡಿನ ವಿಲ್ಲಿ ಎಂಬವನಿಗೆ.

ಎಮ್ಮಾ ಬುಲ್ ಸ್ವತಃ ಬ್ಯಾಂಡಿನಲ್ಲಿ ಹಾಡಿದವರು. ರಿಹರ್ಸಲ್ ದೃಶ್ಯಗಳಲ್ಲಿ ಅದು ಗೊತ್ತಾಗುತ್ತದೆ. ಹೊಸಬರು ಮೊದಲ ಸಲ ಒಂದೇ ತಾಳಕ್ಕೆ ಕೂಡಿಕೊಳ್ಳುವ ಕ್ಷಣವನ್ನು ಇಷ್ಟು ಚೆನ್ನಾಗಿ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಊರೂ ಹಾಗೆಯೇ. ಮಿನ್ನೆಹಾಹಾ ಜಲಪಾತ, ಪಾಪ್ ಗಾಯಕ ಪ್ರಿನ್ಸ್ ಹಾಡುತ್ತಿದ್ದ ಫಸ್ಟ್ ಅವೆನ್ಯೂ ಕ್ಲಬ್, ಎಲ್ಲ ಇರುವ ಜಾಗಗಳೇ. ಕೊನೆಯ ಹಣಾಹಣಿ ಕತ್ತಿಯಲ್ಲಲ್ಲ, ಸಂಗೀತದಲ್ಲಿ. ಯಾರು ಗೆದ್ದರೆಂದು ಹೇಳುವುದಿಲ್ಲ.

ದೋಷಗಳಿಲ್ಲವೆಂದಲ್ಲ. ಯಾರು ಯಾವ ಜಾಕೆಟ್ ಹಾಕಿದ್ದರು, ಯಾವ ಬೂಟು ಎಂಬ ವರ್ಣನೆ ಮುಗಿಯುವುದೇ ಇಲ್ಲ. ಆ ಕಾಲದ ಹಾಡುಗಳ ಪರಿಚಯವಿಲ್ಲದವರಿಗೆ ಸಂಗೀತ ಕಛೇರಿಯ ಪುಟಗಳು ಉದ್ದವೆನಿಸಬಹುದು. ಎದುರಾಳಿ ಅನ್‌ಸೀಲಿ ಪಂಗಡದ ರಾಣಿ ಕೆಟ್ಟವಳು, ಆದರೆ ಕೆಟ್ಟವಳು ಎಂಬುದಕ್ಕಿಂತ ಹೆಚ್ಚೇನೂ ಅಲ್ಲ. ಆ ಪಾತ್ರಕ್ಕೆ ಇನ್ನಷ್ಟು ಆಳ ಬೇಕಿತ್ತು.

ಓದುವುದಾದರೆ ಉಡುಪಿನ ಪುಟಗಳನ್ನು ಬೇಗ ದಾಟಿ, ಅಡ್ಡಿಯಿಲ್ಲ. ಸಾವಿನ ನಿಯಮವನ್ನು ಎಡ್ಡಿಗೆ ವಿವರಿಸುವ ಜಾಗದಲ್ಲಿ ಮಾತ್ರ ನಿಧಾನಿಸಿ. ಪುಸ್ತಕ ಮುಗಿದ ಮೇಲೆ ಅದೇ ಪುಟಕ್ಕೆ ವಾಪಸ್ ಹೋಗಿ ಇನ್ನೊಮ್ಮೆ ಓದಿ. ಎರಡನೇ ಸಲ ಅದು ನನಗೆ ಯುದ್ಧದ ಮಾತಾಗಿ ಕೇಳಿಸಲಿಲ್ಲ.